ಪಟ್ಟಿಯಲ್ಲಿ ಇಲ್ಲದ ಮಾತು

ಅರಿನ್ ಭಾಷೆಯಲ್ಲಿ ಕಲ್ಲಿಗೆ ‘ಕೆಸ್’ ಅನ್ನುತ್ತಿದ್ದರು, ನೀರಿಗೆ ‘ಕುಲ್’, ನದಿಗೆ ‘ಸಾತ್’. ಇಷ್ಟು ಗೊತ್ತಿದೆ. ಆದರೆ ‘ಆ ಕಲ್ಲು ಎತ್ತಿ ಇಲ್ಲಿಡು’ ಎಂದು ಅರಿನ್ ತಂದೆಯೊಬ್ಬ ಮಗನಿಗೆ ಹೇಗೆ ಹೇಳುತ್ತಿದ್ದ? ‘ಹೊಳೆ ದಾಟಬೇಡ, ನೀರು ಏರಿದೆ’ ಅನ್ನುವುದಕ್ಕೆ ತಾಯಿ ಏನನ್ನುತ್ತಿದ್ದಳು? ಇದಕ್ಕೆ ಧೈರ್ಯವಾಗಿ ಉತ್ತರ ಹೇಳುವವರು ಇವತ್ತು ಭೂಮಿಯ ಮೇಲೆ ಯಾರೂ ಇಲ್ಲ. ಭಾಷೆ ಹೋಯಿತು, ಪದ ಉಳಿಯಿತು ಅಂದರೆ ಏನು ಉಳಿದಂತಾಯಿತು ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಸೈಬೀರಿಯದ ಈ ಸಣ್ಣ ಭಾಷಾ ಕುಟುಂಬದ ಬಗ್ಗೆ ಓದತೊಡಗಿದಾಗ.

ಸೈಬೀರಿಯವನ್ನು ದಕ್ಷಿಣದಿಂದ ಉತ್ತರಕ್ಕೆ ಸೀಳಿಕೊಂಡು ಆರ್ಕ್‌ಟಿಕ್ ಸಾಗರ ಸೇರುವ ಯೆನಿಸೇಯ್ ನದಿಯ ಆಸುಪಾಸಿನಲ್ಲಿ ಆರು ಭಾಷೆಗಳ ಒಂದು ಸಂಸಾರವಿತ್ತು: ಕೆಟ್, ಯುಗ್, ಕೋಟ್, ಅಸ್ಸಾನ್, ಅರಿನ್, ಪುಂಪೊಕೊಲ್. ಸುತ್ತಲಿನ ತುರ್ಕಿ ಭಾಷೆಗಳಿಗಾಗಲಿ, ಸಮೊಯೆದ್ ಭಾಷೆಗಳಿಗಾಗಲಿ, ಮಂಗೋಲಿಗಾಗಲಿ ಇವು ಬಂಧುವಲ್ಲ. ಅಸ್ಸಾನನ್ನು ಕೋಟ್‌ನ ಉಪಭಾಷೆ ಎಂದೇ ಎಣಿಸುವವರೂ ಇದ್ದಾರೆ. ಈಗ ಉಸಿರಿರುವುದು ಕೆಟ್‌ಗೆ ಮಾತ್ರ, ಅದೂ ತೆಳ್ಳಗೆ. 2010ರ ರಷ್ಯದ ಜನಗಣತಿಯಲ್ಲಿ ತಮ್ಮನ್ನು ಕೆಟ್ ಎಂದು ಬರೆಸಿಕೊಂಡವರು 1,219 ಮಂದಿ, ಭಾಷೆ ಬರುತ್ತದೆ ಅಂದವರು 213. ಜನಗಣತಿಯವರ ಮುಂದೆ ‘ಬರುತ್ತದೆ’ ಅನ್ನುವುದಕ್ಕೂ ಮನೆಯಲ್ಲಿ ಮಾತಾಡುವುದಕ್ಕೂ ಇರುವ ಅಂತರ ನಮಗೆ ಗೊತ್ತಿಲ್ಲದ್ದೇನಲ್ಲ.

ಇವರ ಬದುಕು ಬೇಟೆ, ಮೀನು, ಕಾಡು. ತೆರಿಗೆ ಕೊಡುವುದೂ ಹೊಸದಾಗಿರಲಿಲ್ಲ. ದಕ್ಷಿಣದ ಅರಿನ್, ಕೋಟ್ ಜನ ಮೊದಲು ಯೆನಿಸೇಯ್ ಕಿರ್ಗಿಜ್ ದೊರೆಗಳಿಗೆ ಕಪ್ಪ ಒಪ್ಪಿಸುತ್ತಿದ್ದರು. ಆಮೇಲೆ ರಷ್ಯನ್ನರು ಬಂದರು. 1628ರಲ್ಲಿ ಅರಿನ್ ನೆಲದಲ್ಲೇ ಒಂದು ಕೋಟೆ ಎದ್ದಿತು, ಅದೇ ಇಂದಿನ ಕ್ರಾಸ್ನೊಯಾರ್ಸ್ಕ್. ಜಾರ್ ದೊರೆಯ ತೆರಿಗೆಗೆ ‘ಯಸಾಕ್’ ಎಂದು ಹೆಸರು, ಅದನ್ನು ಕಟ್ಟಬೇಕಾದದ್ದು ಸೇಬಲ್ ಎಂಬ ಪ್ರಾಣಿಯ ತುಪ್ಪಳದಲ್ಲಿ. ಎರಡೂ ಕಡೆಯ ವಸೂಲಿ, ಸಿಡುಬು, ಊರು ಬಿಟ್ಟು ಊರು ಅಲೆತ, ದೊಡ್ಡ ಗುಂಪಿನೊಳಗೆ ಮದುವೆ ಸಂಬಂಧ, ಇಷ್ಟು ಸಾಕಾಯಿತು. ಜನ ಸತ್ತೇ ಹೋದರೆಂದಲ್ಲ. ಅರಿನ್ ಮನೆತನಗಳ ಹೆಸರು ಖಕಾಸ್ ಜನರಲ್ಲಿ ಇಂದಿಗೂ ಬಳಿಗಳಾಗಿ ಉಳಿದಿವೆ. ಮೊಮ್ಮಕ್ಕಳು ತುರ್ಕಿ ಮಾತಾಡಿದರು, ಮರಿಮಕ್ಕಳು ರಷ್ಯನ್ ಮಾತಾಡಿದರು, ಅಷ್ಟೇ.

ಹೀಗೆ ಕರಗುತ್ತಿದ್ದ ಹೊತ್ತಿನಲ್ಲಿ ಒಬ್ಬ ಇತಿಹಾಸಕಾರ ಬಂದ. ಗೆರ್ಹಾರ್ಡ್ ಫ್ರೀಡ್ರಿಖ್ ಮ್ಯೂಲರ್, ಹುಟ್ಟಿನಿಂದ ಜರ್ಮನ್, ಕೆಲಸ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯಲ್ಲಿ. ಎರಡನೇ ಕಮ್ಚಾಟ್ಕಾ ಶೋಧಯಾತ್ರೆಯ ಜೊತೆ ಹೊರಟು 1733ರಿಂದ 1743ರವರೆಗೆ ಸೈಬೀರಿಯ ಸುತ್ತಿದ. ದಫ್ತರಗಳ ಹಳೆಯ ಕಾಗದ ನಕಲು ಮಾಡಿಸಿದ, ಹೋದಲ್ಲೆಲ್ಲ ಪದಗಳ ಪಟ್ಟಿ ಬರೆದುಕೊಂಡ. 1730ರ ದಶಕದಲ್ಲಿ ಅರಿನ್ ಪದಗಳಿಗಾಗಿ ಅವನಿಗೆ ಸಿಕ್ಕವನು ಅರ್ಜಮಾಸ್ ಲೋಸ್ಕುತೊವ್. ಆ ಭಾಷೆ ಬಲ್ಲವರಲ್ಲಿ ಹೆಸರು ಉಳಿದ ಕೊನೆಯವನು ಅವನೇ. ಹೆಸರು ಮಾತ್ರ ಆಗಲೇ ರಷ್ಯನ್ನರ ಬಾಯಿಗೆ ಒಗ್ಗುವಂಥದ್ದು.

ಆ ಇಬ್ಬರ ಬೈಠಕ್ಕನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಒಬ್ಬನ ಮುಂದೆ ಕಾಗದ, ಮಸಿ. ದೇವರಿಗೆ ಏನನ್ನುತ್ತೀರಿ, ಆಕಾಶಕ್ಕೆ, ತಂದೆಗೆ, ತಾಯಿಗೆ, ಬೆಂಕಿಗೆ, ನೀರಿಗೆ? ಇನ್ನೊಬ್ಬ ಹೇಳುತ್ತ ಹೋಗುತ್ತಾನೆ. ಸಾಮ್ರಾಜ್ಯಕ್ಕೆ ತನ್ನ ಪ್ರಜೆಗಳು ಎಷ್ಟು ಬಗೆಯವರೆಂದು ತಿಳಿಯಬೇಕಿತ್ತು. ಯಾವ ಜನ ಯಾರ ಬಂಧು ಎಂದು ವಿಂಗಡಿಸಲು ಪದ ಹೋಲಿಸಿ ನೋಡುವುದು ಆ ಕಾಲದ ಹೊಸ ಉಪಾಯ. ಅದಕ್ಕೆ ಪಟ್ಟಿ ಸಾಕಾಗುತ್ತದೆ. ಅರ್ಧ ಶತಮಾನದ ನಂತರ ಮಹಾರಾಣಿ ಕ್ಯಾಥರೀನಳ ಆಸೆಯಂತೆ ಪೀಟರ್ ಸೈಮನ್ ಪಲ್ಲಾಸ್ ಪ್ರಪಂಚದ ಇನ್ನೂರು ಭಾಷೆಗಳ ತೌಲನಿಕ ಪದಕೋಶ ಹೊರತಂದಾಗ (1787–89) ಯೆನಿಸೇಯ್ ಭಾಷೆಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಪುಂಪೊಕೊಲ್ ಹೆಸರಿನಡಿ ಕೊಟ್ಟ ಪದಗಳಲ್ಲಿ ಎಷ್ಟೋ ಯುಗ್ ಭಾಷೆಯವು ಎಂದು ಇಪ್ಪತ್ತನೇ ಶತಮಾನದಲ್ಲಿ ಗೊತ್ತಾಯಿತು. ಎಲ್ಲೋ ಒಂದು ಕಚೇರಿಯಲ್ಲಿ ಒಂದು ಭಾಷೆಯ ಕಾಗದ ಇನ್ನೊಂದರ ಕಟ್ಟಿಗೆ ಸೇರಿಕೊಂಡಿದೆ. ‘ಇದು ನಮ್ಮ ಮಾತಲ್ಲ ಸ್ವಾಮಿ’ ಎನ್ನಬಹುದಾಗಿದ್ದ ಪುಂಪೊಕೊಲ್ ಮನುಷ್ಯ ಅಷ್ಟರಲ್ಲಿ ಇರಲಿಲ್ಲ.

ಪಟ್ಟಿ ಹಿಡಿದು ಪದ ಕೇಳುವ ಕೆಲಸ ನಾನೂ ವಿದ್ಯಾರ್ಥಿಯಾಗಿದ್ದಾಗ ಮಾಡಿದ್ದುಂಟು. ಉತ್ತರ ಕನ್ನಡದ ಘಟ್ಟದ ಮೇಲೆ, ಒಂದು ಸಣ್ಣ ಸಮುದಾಯದ ಮನೆಯಲ್ಲಿ. ‘ಕೈಗೆ ನಿಮ್ಮ ಮಾತಲ್ಲಿ ಏನಂತಾರೆ ಅಜ್ಜಿ?’ ಎಂದು ಕೇಳಿದರೆ ಅಜ್ಜಿ, ‘ಯಾರ ಕೈಯೋ ತಮಾ? ನಂದೋ ನಿಂದೋ?’ ಅಂದರು. ತಮಾಷೆಯಲ್ಲ, ನಿಜವಾಗಿಯೇ ಕೇಳಿದ್ದು. ಯಾರದ್ದೂ ಅಲ್ಲದ ಕೈ ಅವರ ಲೋಕದಲ್ಲಿ ಇರಲಿಲ್ಲ, ನನ್ನ ಪಟ್ಟಿಯಲ್ಲಿ ಮಾತ್ರ ಇತ್ತು. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿ ಅವರ ಮಾತಿನಲ್ಲೇ ಏನೋ ಅಂದರು, ಸೊಸೆ ಅಲ್ಲಿಂದಲೇ ಒಂದು ಮಾತು ತಿರುಗಿ ಹೇಳಿದಳು, ಇಬ್ಬರೂ ನಕ್ಕರು. ನಗೆ ನನ್ನ ಮೇಲೆಯೇ ಇರಬೇಕು. ಅಂದು ಆ ಮನೆಯಲ್ಲಿ ಆಡಿದ ಮಾತುಗಳಲ್ಲಿ ಅವರ ಭಾಷೆ ಭಾಷೆಯಾಗಿ ನಡೆದದ್ದು ಆ ಎರಡು ವಾಕ್ಯಗಳಲ್ಲಿ. ಅವೆರಡೂ ಯಾವ ಪಟ್ಟಿಯ ಯಾವ ಸಾಲಿಗೂ ಸೇರುವಂಥವಲ್ಲ.

ಲೋಸ್ಕುತೊವ್‌ಗೆ ಹಾಗೆ ಕೂಗಿ ಕರೆಯಲು ಒಳಗೆ ಯಾರಾದರೂ ಇದ್ದರೇ? ಕೊನೆಯ ಮಾತುಗಾರ ಎಂದು ನಾವು ಗೌರವದಿಂದ ಹೇಳುತ್ತೇವೆ. ಅವನು ಮಾತುಗಾರನೇ ಅಲ್ಲ, ಮಾತಾಡಲು ಎದುರಿಗೆ ಯಾರೂ ಇಲ್ಲದವನು. ‘ಬಾ’, ‘ಕೊಡು’, ‘ಎಲ್ಲಿಗೆ ಹೊರಟೆ?’ ಎಂಬವು ಅವನ ನಾಲಿಗೆಯಿಂದ ಮೊದಲು ಜಾರಿರಬೇಕು. ಅವುಗಳಿಗೆ ‘ನೀನು’ ಬೇಕು. ‘ಕಲ್ಲು’, ‘ನೀರು’ಗಳಿಗೆ ಬೇಡ, ಅವು ಒಬ್ಬಂಟಿಯಾಗಿಯೂ ಬಾಳುತ್ತವೆ. ಹಾಗಾಗಿ ಪಟ್ಟಿಯಲ್ಲಿ ನಾಮಪದಗಳೇ ತುಂಬಿದ್ದರೆ ಅದಕ್ಕೆ ಬರೆದುಕೊಂಡವನೊಬ್ಬನೇ ಕಾರಣನಲ್ಲ ಎಂದೂ ಅನ್ನಿಸುತ್ತದೆ.

ಈ ಕುಟುಂಬದ ಮಟ್ಟಿಗೆ ಅದು ದೊಡ್ಡ ನಷ್ಟ, ಯಾಕೆಂದರೆ ಯೆನಿಸೇಯ್ ಭಾಷೆಗಳ ಜೀವವಿರುವುದು ಕ್ರಿಯಾಪದದಲ್ಲಿ. ಕನ್ನಡದಲ್ಲಿ ಧಾತು ಮೊದಲು, ಕಾಲ ನಡುವೆ, ಮಾಡಿದವರು ಯಾರೆಂಬುದು ಕೊನೆಗೆ: ಬರು-ತ್ತ್-ಆಳೆ. ಕೆಟ್‌ನಲ್ಲಿ ಮಾಡಿದವರು ಬಾಗಿಲಲ್ಲೇ ನಿಂತಿರುತ್ತಾರೆ. ‘ದು’ ಎಂದು ಶುರುವಾದರೆ ಅವನು, ‘ದಾ’ ಎಂದಾದರೆ ಅವಳು. ಹಿಂದೆಯೇ ಯಾರಿಗೆ ಆಯಿತು, ಏನಾಯಿತು, ಯಾವಾಗ ಆಯಿತು ಎಂಬುದೆಲ್ಲ ಒಂದೊಂದು ಗೊತ್ತಾದ ಜಾಗದಲ್ಲಿ ಬಂದು ಕೂರುತ್ತದೆ. ಸುತ್ತ ನೂರಾರು ಮೈಲಿ ಎಲ್ಲ ಭಾಷೆಗಳೂ ನಮ್ಮಂತೆಯೇ ಪದದ ಹಿಂದೆ ಪ್ರತ್ಯಯ ಹಚ್ಚುವಂಥವು. ಅವುಗಳ ನಡುವೆ ಇದೊಂದೇ ಮುಂದಿನಿಂದ ಕಟ್ಟುವ ಕುಟುಂಬ. ಒಂದು ಕ್ರಿಯಾಪದ ಅಂದರೆ ಎಷ್ಟೋ ಸಲ ಒಂದು ಇಡೀ ವಾಕ್ಯ. ಅರಿನ್‌ನ ಕ್ರಿಯಾಪದ ಹೇಗಿತ್ತೆಂದು ಸರಿಯಾಗಿ ತಿಳಿಯದು ಅಂದರೆ ಅರಿನ್ ತಿಳಿಯದು ಅಂತಲೇ.

ಕೋಟ್ ಭಾಷೆಗೆ ಅದೃಷ್ಟ ತುಸು ಚೆನ್ನಾಗಿತ್ತು. ಮ್ಯೂಲರ್‌ನ ನಂತರ ನೂರು ವರ್ಷಕ್ಕೆ ಅದೇ ಅಕಾಡೆಮಿಯ ಪರವಾಗಿ ಮತ್ತೊಬ್ಬ ಬಂದ: ಫಿನ್‌ಲೆಂಡಿನ ಮತಿಯಾಸ್ ಅಲೆಕ್ಸಾಂಡರ್ ಕಾಸ್ತ್ರೇನ್. 1845ರಿಂದ 1849ರವರೆಗೆ, ಕ್ಷಯ ಹಿಡಿದ ಎದೆಗೂಡನ್ನು ಹೊತ್ತುಕೊಂಡು ಸೈಬೀರಿಯದ ಚಳಿಯಲ್ಲಿ ಊರೂರು ಅಲೆದ. ಅವನ ನಿಜವಾದ ಹುಡುಕಾಟ ಫಿನ್ನಿಷ್ ಭಾಷೆಯ ಬಂಧುಗಳಿಗಾಗಿ. ಕೋಟ್ ಅಂಥ ಬಂಧುವಲ್ಲ. ಆದರೂ ಕಾನ್ ನದಿಗೆ ಸೇರುವ ಆಗುಲ್ ಎಂಬ ಹೊಳೆಯ ದಂಡೆಯಲ್ಲಿ ಆ ಭಾಷೆ ಬಲ್ಲ ಐದು ಮಂದಿ ಸಿಕ್ಕಾಗ ಅವರ ಜೊತೆ ಕೂತ. ಪದಗಳಿಗೆ ನಿಲ್ಲಿಸಲಿಲ್ಲ. ‘ನಾನು ಹೀಗೆ ಮಾಡಿದರೆ, ನೀನು ಮಾಡಿದರೆ, ಅವಳು ಮಾಡಿದರೆ, ನಿನ್ನೆ ಮಾಡಿದರೆ’ ಎಂದು ಕೇಳುತ್ತ ಹೋದ. ಕೇಳಲು ಒಬ್ಬನ ಬದಲು ಐದು ಜನ ಇದ್ದದ್ದು ಎಷ್ಟು ದೊಡ್ಡ ವ್ಯತ್ಯಾಸ! ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಾಗುತ್ತದೆ, ಇಬ್ಬರ ನಡುವೆ ವಾದ ಹತ್ತುತ್ತದೆ. 1852ರಲ್ಲಿ, ನಲವತ್ತು ತುಂಬುವ ಮೊದಲೇ, ಕಾಸ್ತ್ರೇನ್ ತೀರಿಕೊಂಡ. ಅವನ ಟಿಪ್ಪಣಿಗಳನ್ನು ಆಂಟನ್ ಶೀಫ್ನರ್ ಜೋಡಿಸಿ 1858ರಲ್ಲಿ ಕೆಟ್ ಮತ್ತು ಕೋಟ್ ಭಾಷೆಗಳ ವ್ಯಾಕರಣವಾಗಿ ಅಚ್ಚು ಹಾಕಿಸಿದ. ಇವತ್ತು ಕೋಟ್ ಬಗ್ಗೆ ಯಾರು ಏನೇ ಬರೆದರೂ ತಿರುಗಿ ಬರುವುದು ಆ ಪುಸ್ತಕಕ್ಕೆ.

ಅದರ ಪ್ರಕಾರ ಕೋಟ್ ಜನ ಒಂದು, ಎರಡು, ಮೂರಕ್ಕೆ ಸುಮಾರಾಗಿ ‘ಹೂಚಾ, ಈನಾ, ತೋಂಗಾ’ ಅನ್ನುತ್ತಿದ್ದರು. ಐದರ ನಂತರ ಲೆಕ್ಕ ಕೈಗೆ ಮರಳುತ್ತದೆ: ಆರು ‘ಖೆಲೂಚಾ’, ಏಳು ‘ಖೆಲೀನಾ’. ಐದೂ ಒಂದು, ಐದೂ ಎರಡು. ಅವರ ನಂಟ ಕೆಟ್‌ನಲ್ಲಿ ಎಂಟಕ್ಕೆ ಎರಡು ಕಡಿಮೆ ಹತ್ತು, ಒಂಬತ್ತಕ್ಕೆ ಒಂದು ಕಡಿಮೆ ಹತ್ತು. ನಮ್ಮ ‘ಒಂಬತ್ತು’ ಕೂಡ ಹತ್ತಕ್ಕೆ ಒಂದು ಕಡಿಮೆ ಎಂದೇ ಹುಟ್ಟಿದ್ದು ಎಂದು ದ್ರಾವಿಡ ಭಾಷಾವಿದರು ಹೇಳುತ್ತಾರೆ. ಲಿಂಗವೂ ನಮ್ಮಂತೆ ಮೂರು, ಗಂಡು, ಹೆಣ್ಣು, ನಿರ್ಜೀವ. ಆದರೆ ಅವರ ಗಂಡು ಹೆಣ್ಣುಗಳು ಮನುಷ್ಯರಿಗೆ ನಿಲ್ಲುವುದಿಲ್ಲ. ಕೆಟ್‌ನಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು, ಬೆಳೆದು ನಿಂತ ಮರ ಸಾಮಾನ್ಯವಾಗಿ ಗಂಡು.

ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೊಂದು ಸಂಗತಿ. ಕೋಟ್ ಕ್ರಿಯಾಪದಗಳಲ್ಲಿ ಮಾಡಿದವರ ಗುರುತು ಪದದ ಕೊನೆಗೆ ಬರತೊಡಗಿತ್ತು. ಸುತ್ತಲಿನ ಭಾಷೆಗಳ ನಡೆ ಅದು. ಅಂದರೆ ಕೋಟ್ ಭಾಷೆ ನೆರೆಯವರ ಜೊತೆ ಹೊಂದಿಕೊಂಡು ಬದುಕಲು ನೋಡುತ್ತಿತ್ತು, ಹಳೆಯ ಮನೆಯನ್ನು ಒಳಗಿಂದ ತಿರುಗಿಸಿ ಕಟ್ಟುತ್ತಿತ್ತು. ಭಾಷೆ ಕಲುಷಿತವಾಯಿತು, ಆದ್ದರಿಂದ ಸತ್ತಿತು ಎಂಬ ವಾದವನ್ನು ನಮ್ಮಲ್ಲೂ ಆಗಾಗ ಕೇಳುತ್ತೇವೆ. ಕೋಟ್ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಬೆರೆತದ್ದು ಬಾಳಲಿಕ್ಕೇ. ಸತ್ತದ್ದು ಆಡುವವರು ಐದಕ್ಕೆ ಇಳಿದಾಗ.

ಕಾಸ್ತ್ರೇನ್‌ನ ಕಿವಿಗೂ ಒಂದು ಎಲ್ಲೆ ಇತ್ತು. ಕೆಟ್‌ನಲ್ಲಿ ‘ಸುಲ್’ ಎಂಬ ಒಂದೇ ಉಚ್ಚಾರವನ್ನು ನಾಲ್ಕು ಧಾಟಿಯಲ್ಲಿ ಹೇಳಬಹುದು: ಒಂದರಲ್ಲಿ ಅದು ರಕ್ತ, ಒಂದರಲ್ಲಿ ಒಂದು ಜಾತಿಯ ಬಿಳಿ ಮೀನು, ಒಂದರಲ್ಲಿ ತೊಟ್ಟಿಲು ನೇತುಹಾಕುವ ಕೊಕ್ಕೆ, ಇನ್ನೊಂದರಲ್ಲಿ ಹಿಮದ ಮೇಲೆ ಎಳೆಯುವ ಗಾಡಿ. ಈ ಧಾಟಿಗಳ ವ್ಯವಸ್ಥೆ ಪಂಡಿತರಿಗೆ ಸ್ಪಷ್ಟವಾದದ್ದು ಇಪ್ಪತ್ತನೇ ಶತಮಾನದಲ್ಲಿ. ಕೋಟ್‌ನ ಧಾಟಿ ಹೇಗಿತ್ತೆಂಬುದನ್ನು ಈಗ ಕೆಟ್, ಯುಗ್‌ಗಳನ್ನು ಮುಂದಿಟ್ಟುಕೊಂಡು ಊಹಿಸಬೇಕು. ಒಳ್ಳೆಯ ಮನಸ್ಸಿನ, ತಾಳ್ಮೆಯ ಕೇಳುಗನಿಗೂ ಕೇಳಿಸುವುದು ಅವನು ಕೇಳಲು ತಯಾರಾದಷ್ಟೇ.

ಯಾರೂ ಕೇಳದೆ, ಯಾರೂ ಬರೆದುಕೊಳ್ಳದೆ ಉಳಿದದ್ದೂ ಇದೆ. ಟ್ರಾನ್ಸ್-ಸೈಬೀರಿಯನ್ ರೈಲಿನಲ್ಲಿ ಹೋದವರಿಗೆ ತೈಶೆತ್ ಜಂಕ್ಷನ್ ಗೊತ್ತಿರುತ್ತದೆ. ಬೈಕಲ್-ಅಮುರ್ ರೈಲುದಾರಿ ಕವಲೊಡೆಯುವುದು ಅಲ್ಲೇ. ಸ್ಟಾಲಿನ್ ಕಾಲದಲ್ಲಿ ಕೈದಿಗಳ ದೊಡ್ಡ ಶಿಬಿರಗಳ ಕೇಂದ್ರವೂ ಅದಾಗಿತ್ತು. ತೈಶೆತ್ ಅಂದರೆ ಕೋಟ್ ಭಾಷೆಯಲ್ಲಿ ‘ತಣ್ಣನೆಯ ಹೊಳೆ’. ‘ಶೆತ್’ ಎಂದು ಮುಗಿಯುವ ಹೊಳೆಯ ಹೆಸರಾದರೆ ಅಲ್ಲಿ ಕೋಟ್ ಜನ ಇದ್ದರು. ‘ಸಾತ್’ ಆದರೆ ಅರಿನ್, ‘ತಾತ್’ ಆದರೆ ಪುಂಪೊಕೊಲ್, ‘ಸೆಸ್’ ಆದರೆ ಕೆಟ್. ಪಶ್ಚಿಮ ಸೈಬೀರಿಯದ ನಕ್ಷೆಯಲ್ಲಿ ಈ ಬಾಲಗಳನ್ನು ಹುಡುಕಿ ಗುರುತು ಹಾಕುತ್ತ ಹೋದವನು ಆಂದ್ರೇಯ್ ದುಲ್ಜೋನ್. ಯೆನಿಸೇಯ್ ಜನ ಒಂದು ಕಾಲಕ್ಕೆ ರಷ್ಯನ್ನರು ಕಂಡದ್ದಕ್ಕಿಂತ ಎಷ್ಟೋ ವಿಸ್ತಾರವಾದ ನೆಲದಲ್ಲಿ ಹರಡಿದ್ದರು ಎಂದು ಅವನು ಹೊಳೆಗಳ ಹೆಸರಿನಿಂದಲೇ ತೋರಿಸಿದ.

ದುಲ್ಜೋನ್‌ನ ಕಥೆ ಇನ್ನೊಂದು ಬಗೆಯದು. 1900ರಲ್ಲಿ ವೋಲ್ಗಾ ತೀರದ ಜರ್ಮನ್ ಮನೆತನದಲ್ಲಿ ಹುಟ್ಟಿದವನು, ಮೊದಲು ಅಲ್ಲಿನ ಜರ್ಮನ್ ಉಪಭಾಷೆಗಳ ವಿದ್ವಾಂಸ. 1941ರಲ್ಲಿ ವೋಲ್ಗಾ ಜರ್ಮನ್ನರನ್ನೆಲ್ಲ ಸಾರಾಸಗಟಾಗಿ ಎಬ್ಬಿಸಿ ಪೂರ್ವಕ್ಕೆ ಸಾಗಿಸಿದಾಗ ಅವನೂ ತೋಮ್ಸ್ಕ್‌ಗೆ ಬಂದು ಬಿದ್ದ. ಅವನು ಅಧ್ಯಯನ ಮಾಡಿದ್ದ ಉಪಭಾಷೆಗಳ ಊರುಗಳು ಒಂದೇ ಋತುವಿನಲ್ಲಿ ಖಾಲಿಯಾದವು. ಗಡೀಪಾರಾದವನು ಹೊಸ ನೆಲದ ಹೊಳೆಗಳ ಹೆಸರು ಓದತೊಡಗಿದ, ಶಿಷ್ಯರನ್ನು ಕಟ್ಟಿಕೊಂಡು ಕೆಟ್ ಊರುಗಳಿಗೆ ಹೋಗತೊಡಗಿದ. 1968ರಲ್ಲಿ ಅವನ ‘ಕೆಟ್ ಭಾಷೆ’ ಗ್ರಂಥ ಬಂತು, 1971ರಲ್ಲಿ ಅದಕ್ಕೆ ರಾಷ್ಟ್ರ ಪ್ರಶಸ್ತಿ. ಕೊಟ್ಟದ್ದು ಅವನನ್ನು ಅಟ್ಟಿದ ಅದೇ ಸರ್ಕಾರ.

ಸತ್ತ ಭಾಷೆಗೆ ಹಕ್ಕುದಾರರು ಬೇಗ ಹುಟ್ಟಿಕೊಳ್ಳುತ್ತಾರೆ. ಚೀನಾದ ಗಡಿಯನ್ನು ನಡುಗಿಸಿದ ಶ್ಯೋಂಗ್ನು ಜನ ಯೆನಿಸೇಯ್ ಭಾಷಿಕರು ಎಂಬ ವಾದ ಇಪ್ಪತ್ತನೇ ಶತಮಾನದ ನಡುವಿನಿಂದಲೂ ಇದೆ. 2025ರಲ್ಲಿ ಸ್ವೆನ್ಯಾ ಬಾನ್‌ಮನ್ ಮತ್ತು ಸೈಮನ್ ಫ್ರೀಸ್ ಒಂದು ಹೆಜ್ಜೆ ಮುಂದೆ ಹೋಗಿ, ಶ್ಯೋಂಗ್ನು ಮತ್ತು ಯುರೋಪಿಗೆ ನುಗ್ಗಿದ ಹೂಣರು ಇಬ್ಬರೂ ಆಡುತ್ತಿದ್ದದ್ದು ಅರಿನ್‌ನ ಹಳೆಯ ರೂಪವನ್ನೇ ಎಂದರು. ಎರವಲು ಪದ, ವ್ಯಕ್ತಿನಾಮ, ಸ್ಥಳನಾಮಗಳೇ ಅವರ ಆಧಾರ, ಅತ್ತಿಲನ ಹೆಸರೂ ಸೇರಿ. ಓದಲು ರೋಮಾಂಚನ. ಆದರೆ ತಂದೆ ಮಗನಿಗೆ ಏನು ಹೇಳುತ್ತಿದ್ದನೆಂದು ತಿಳಿಯದ ಭಾಷೆಯಿಂದ ಅತ್ತಿಲನ ಹೆಸರು ಬಿಡಿಸುವಾಗ ನಾನು ಸ್ವಲ್ಪ ಹಿಂದೆ ಸರಿದು ಕೂರುತ್ತೇನೆ.

ಇದೇ ಚರ್ಚೆಯ ಅಂಚಿನಲ್ಲಿ ಒಂದು ವಿಚಿತ್ರ ವಸ್ತುವಿದೆ. ನಾಲ್ಕನೇ ಶತಮಾನದ ಉತ್ತರ ಚೀನಾದಲ್ಲಿ ಜಿಯೆ ಎಂಬ ಜನರ ದೊರೆ ಶಿ ಲೆ, ಲಿಯು ಯಾವೊ ಎಂಬ ಎದುರಾಳಿಯ ಮೇಲೆ ದಂಡೆತ್ತಿ ಹೋಗಲೋ ಬೇಡವೋ ಎಂದು ಬೌದ್ಧ ಭಿಕ್ಷು ಫೋತುಚೆಂಗ್‌ನನ್ನು ಕೇಳಿದ. ಗುಡಿಯ ಗಂಟೆ ಹೀಗೆ ನುಡಿಯುತ್ತಿದೆ ಎಂದು ಭಿಕ್ಷು ಜಿಯೆ ಭಾಷೆಯಲ್ಲೇ ಶಕುನ ಹೇಳಿದ. ಸೈನ್ಯ ಹೊರಟರೆ ಎದುರಾಳಿ ಸೆರೆ ಸಿಗುತ್ತಾನೆ ಎಂಬುದು ಅದರ ತಾತ್ಪರ್ಯ. ಚೀನೀ ಚರಿತ್ರೆಕಾರರು ಅದನ್ನು ಹತ್ತು ಅಕ್ಷರಗಳಲ್ಲಿ ಬರೆದಿಟ್ಟು ಅರ್ಥವನ್ನೂ ಕೊಟ್ಟರು. ಇದು ತುರ್ಕಿ ಎಂದು ಕೆಲವರು, ಪುಂಪೊಕೊಲ್‌ಗೆ ಹತ್ತಿರದ ಯೆನಿಸೇಯ್ ಭಾಷೆ ಎಂದು 2016ರ ಒಂದು ಲೇಖನದಲ್ಲಿ ವೊವಿನ್, ವೈದಾ, ದ ಲಾ ವೈಸಿಯೆರ್. ತೀರ್ಪು ಏನಾದರೂ ಆಗಲಿ, ವಾದ ಇಷ್ಟು ಹುರುಪಿನಿಂದ ನಡೆಯಲು ಕಾರಣ ಆ ಹತ್ತು ಅಕ್ಷರಗಳಲ್ಲಿ ಕ್ರಿಯಾಪದ ಇರುವುದು. ಯಾರೋ ಯಾರಿಗೋ ಏನನ್ನೋ ಹೇಳಿದ್ದು, ಪಟ್ಟಿಗೆಂದು ಒಪ್ಪಿಸಿದ್ದಲ್ಲ.

ಆಗುಲ್ ದಂಡೆಯ ಐವರ ಮಾತು ಎಷ್ಟು ದೂರ ಹೋಯಿತೆಂದರೆ ಅಲಾಸ್ಕಾದವರೆಗೆ. 2008ರಲ್ಲಿ ಅಲ್ಲಿನ ಫೇರ್‌ಬ್ಯಾಂಕ್ಸ್‌ನಲ್ಲಿ ಸೇರಿದ ವಿದ್ವಾಂಸರ ಮುಂದೆ ಎಡ್ವರ್ಡ್ ವೈದಾ, ಯೆನಿಸೇಯ್ ಭಾಷೆಗಳಿಗೂ ಉತ್ತರ ಅಮೆರಿಕದ ಟ್ಲಿಂಗಿಟ್, ನವಾಹೊ ಮುಂತಾದ ಭಾಷೆಗಳಿಗೂ ದೂರದ ರಕ್ತಸಂಬಂಧವಿದೆ ಎಂದು ವಾದಿಸಿದ. ಕ್ರಿಯಾಪದದೊಳಗೆ ಯಾವ ಅಂಶ ಯಾವ ಜಾಗದಲ್ಲಿ ಕೂರುತ್ತದೆ ಎಂಬುದೇ ಅವನ ವಾದದ ಬೆನ್ನೆಲುಬು, ಅದರಲ್ಲಿ ಕೋಟ್ ರೂಪಗಳಿಗೂ ಪಾಲಿದೆ. ಲೈಲ್ ಕ್ಯಾಂಪ್‌ಬೆಲ್‌ನಂಥವರು ಒಪ್ಪಿಲ್ಲ. ಸಮಾನ ಪದಗಳು ಸಾಲವು, ಧ್ವನಿ ಹೊಂದಾಣಿಕೆ ಸಾಲದು ಎಂದು ಅವರ ತಕರಾರು. ಜಗಳ ನಡೆಯಲಿ. ಜಗಳವಾಡಲು ಸರಕು ಇದೆ, ಯಾಕೆಂದರೆ ಕೆಮ್ಮುತ್ತಿದ್ದ ಒಬ್ಬ ಫಿನ್ನಿಷ್ ಮನುಷ್ಯ ‘ನೀನು ಮಾಡಿದರೆ?’ ಎಂದು ಕೇಳಿದ್ದ.

ಯುಗ್ ಹೋದದ್ದು ನಮ್ಮ ಕಣ್ಣೆದುರಿಗೆ, 1970ರ ದಶಕದಲ್ಲಿ. ಯೆನಿಸೇಯ್ ದಂಡೆಯ ವೊರೊಗೊವೊ, ಯಾರ್ತ್ಸೆವೊ ಊರುಗಳ ಕೆಲವೇ ಮುದುಕರಿಂದ ದುಲ್ಜೋನ್‌ನ ಶಿಷ್ಯ ಹೈನ್ರಿಖ್ ವರ್ನರ್ ಧಾಟಿ ಸಮೇತ ಬರೆದುಕೊಂಡ, ವ್ಯಾಕರಣ ಕಟ್ಟಿದ. ಹೀಗೆ ಮೂಲ ಭಾಷೆಯ ‘ಪ’ಕಾರ ಅರಿನ್‌ನಲ್ಲಿ ಹಾಗೇ ಉಳಿದು, ಯುಗ್‌ನಲ್ಲಿ ‘ಫ’ ಆಗಿ, ಕೆಟ್‌ನಲ್ಲಿ ‘ಹ’ ಆದ ದಾರಿ ಪೂರ್ತಿ ಕಾಣುತ್ತದೆ. ‘ಪಾಲ್’ ಹಾಲಾದ, ‘ಪುಲಿ’ ಹುಲಿಯಾದ ನಮಗೆ ಇದು ಅಪರಿಚಿತವಲ್ಲ. ಕೆಟ್ ಮಕ್ಕಳಿಗೆ 1934ರಲ್ಲಿ ಲ್ಯಾಟಿನ್ ಲಿಪಿಯಲ್ಲಿ ಒಂದು ಬಾಲಬೋಧೆ ಬಂದಿತ್ತು. ನಂತರ ವಸತಿ ಶಾಲೆಗಳು ಮಕ್ಕಳನ್ನು ಮನೆಯಿಂದ ಎಳೆದುಕೊಂಡು ರಷ್ಯನ್ ಕಲಿಸಿದವು. 1980ರ ದಶಕದಲ್ಲಿ ಸಿರಿಲಿಕ್ ಲಿಪಿಯಲ್ಲಿ ಮತ್ತೆ ಪಠ್ಯಪುಸ್ತಕ ಬರುವ ಹೊತ್ತಿಗೆ ಮಕ್ಕಳ ಮನೆಮಾತೇ ರಷ್ಯನ್ ಆಗಿತ್ತು.

ಈಗ ಯೆಲೊಗುಯ್ ಹೊಳೆಯ ಕೆಲ್ಲಾಗ್ ಎಂಬ ಹಳ್ಳಿಗೆ ಹೋಗುವ ಸಂಶೋಧಕರು ಕಥೆ, ಸಂಭಾಷಣೆಗಳನ್ನೂ ಧ್ವನಿಮುದ್ರಿಸಿಕೊಂಡು ಬರುತ್ತಾರೆ. 2015ರಲ್ಲಿ ಹೊರಬಂದ ದೊಡ್ಡ ಕೆಟ್ ನಿಘಂಟಿನಲ್ಲಿ ಪದಗಳು ಉದಾಹರಣೆ ವಾಕ್ಯಗಳ ಜೊತೆ ಇವೆ. 1894ರ ಕಿಟೆಲ್ ನಿಘಂಟಿನಲ್ಲಿ ಗಾದೆಗಳ ಮೇಲೆ ಗಾದೆ ಸಿಗುವುದು ನೆನಪಾಗುತ್ತದೆ. ಅರ್ಥ ಹುಡುಕಲು ಹೋಗಿ ಯಾರದೋ ಜಗಳದ ನಡುವೆ ಸಿಕ್ಕಿಕೊಂಡ ಅನುಭವ ಅದನ್ನು ಬಳಸಿದವರಿಗೆಲ್ಲ ಇದ್ದೇ ಇದೆ. ಕೆಲ್ಲಾಗ್‌ನ ಹಿರಿಯರಲ್ಲಿ ಇನ್ನೂ ಕೇಳುವುದು ಬಹಳ ಇರಬೇಕು: ದೋಣಿ ತಡವಾಗಿ ಬಂದರೆ ಏನೆಂದು ಬೈಯುತ್ತೀರಿ, ನಾಯಿಯನ್ನು ಏನೆಂದು ಗದರುತ್ತೀರಿ, ಊಟ ಮಾಡದ ಮಗುವಿಗೆ ಏನೆಂದು ಹೆದರಿಸುತ್ತೀರಿ. ಇಂಥವನ್ನು ಮೈಕಿನ ಮುಂದೆ ಕೂತು ಹೇಳುವುದು ಯಾರಿಗೂ ಕಷ್ಟ. ದೋಣಿ ನಿಜವಾಗಿಯೂ ತಡವಾಗಬೇಕು, ದಡದಲ್ಲಿ ಇಬ್ಬರಾದರೂ ಕೆಟ್ ಬಲ್ಲವರು ನಿಂತಿರಬೇಕು.